ತಲೆಯ ಮೇಲೊಂದು ರಸ್ತೆ

ಮಕ್ಕಳೇ, ನಿಮ್ಮ ಮನೆಯ ಮುಂದೆ ಒಂದು ರಸ್ತೆ ಇರುತ್ತದೆ, ಅಲ್ಲವೇ? ನಮ್ಮ ಮನೆಗೆ ಎರಡು ರಸ್ತೆ. ಒಂದು ಬಾಗಿಲ ಮುಂದೆ, ಇನ್ನೊಂದು ತಲೆಯ ಮೇಲೆ. ಮುಂದಿನ ರಸ್ತೆಯಲ್ಲಿ ಡೇರಿಗೆ ಹಾಲು ಹಾಕುವವರು, ಶಾಲೆಯ ವ್ಯಾನು, ಸೊಪ್ಪಿನ ಗಾಡಿ ಓಡಾಡುತ್ತವೆ. ಮೇಲಿನ ರಸ್ತೆಯಲ್ಲಿ ಮುಂಬೈಗೆ, ದುಬೈಗೆ, ಜರ್ಮನಿಗೆ ಹೋಗುವವರು. ಕೆಳಗಿನದು ರಾತ್ರಿ ಒಂಬತ್ತಕ್ಕೆಲ್ಲ ಮಲಗುತ್ತದೆ. ಮೇಲಿನದಕ್ಕೆ ನಿದ್ದೆ ಎಂಬುದೇ ಇಲ್ಲ.

ನಮ್ಮೂರು ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯಿಂದ ಪಶ್ಚಿಮಕ್ಕೆ ತಿರುಗಿದರೆ ಸಿಗುವ ಸಣ್ಣ ಹಳ್ಳಿ. ತಾರಸಿ ಹತ್ತಿ ಉತ್ತರಕ್ಕೆ ನೋಡಿದರೆ, ಮಂಜಿಲ್ಲದ ದಿನ, ನಂದಿ ಬೆಟ್ಟ ಮಲಗಿದ ಬಸವನ ಹಾಗೆ ಕಾಣುತ್ತದೆ. ಪೂರ್ವಕ್ಕೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅದರ ರನ್‌ವೇ ತುದಿ ನಮ್ಮ ಮನೆಯಿಂದ ಸುಮಾರು 6 ಕಿಲೋಮೀಟರ್. ಹಿತ್ತಲಿನಲ್ಲಿ ನಮ್ಮ ತಂದೆ ನೆಟ್ಟ ಚಕ್ಕೋತದ ಮರವಿದೆ. ದೇವನಹಳ್ಳಿ ಸೀಮೆಯ ಚಕ್ಕೋತ ಎಂದರೆ ಹೆಸರುವಾಸಿ, ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಸಿಪ್ಪೆ ದಪ್ಪ, ಒಳಗೆ ಸಿಹಿ. ಈ ಊರಿನಲ್ಲಿ ಬಾಳಬೇಕಾದರೆ ನಮಗೂ ಅಷ್ಟೇ ದಪ್ಪ ಸಿಪ್ಪೆ ಇರಬೇಕು ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ.

ನನಗೂ ವಿಮಾನಕ್ಕೂ ಹಳೆಯ ನಂಟು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಗರದಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದ ಮುರುಗೇಶಪಾಳ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆಗೆಲ್ಲ ಪ್ರಯಾಣಿಕರ ವಿಮಾನಗಳು ಅಲ್ಲಿಂದಲೇ ಹಾರುತ್ತಿದ್ದವು. 2008ರ ಮೇ 24ರಂದು ಅವೆಲ್ಲ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಮೂರು ವರ್ಷದ ಮೇಲೆ ನಿವೃತ್ತನಾಗಿ, ಇನ್ನು ನೆಮ್ಮದಿಯಾಗಿರೋಣ ಎಂದು ನಾನೂ ಊರಿಗೆ ಬಂದೆ. ಸದ್ದು ನನಗಿಂತ ಮೊದಲೇ ಬಂದು ನನಗಾಗಿ ಕಾಯುತ್ತಿತ್ತು!

ಮೊದಮೊದಲು ಅಷ್ಟೇನೂ ಅನಿಸಲಿಲ್ಲ. ಇದ್ದದ್ದು ಒಂದೇ ರನ್‌ವೇ, ಅದರ ದಾರಿ ನಮ್ಮ ಮನೆಯಿಂದ ತುಸು ಉತ್ತರಕ್ಕಿತ್ತು. 2019ರ ಡಿಸೆಂಬರ್‌ನಲ್ಲಿ ದಕ್ಷಿಣದ ಎರಡನೆಯ ರನ್‌ವೇ ಆರಂಭವಾಯಿತು. 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. ಬಿದಿರು, ಗಿಡಬಳ್ಳಿ, ನೀರು ಎಲ್ಲ ಸೇರಿಸಿ ಕಟ್ಟಿದ ಆ ಟರ್ಮಿನಲ್ ನೋಡಲು ಬಲು ಚೆಂದ. ಆದರೆ ಹೊಸ ರನ್‌ವೇಯ ಗೆರೆಯನ್ನು ಪಶ್ಚಿಮಕ್ಕೆ ಎಳೆಯುತ್ತ ಬಂದರೆ ಅದು ನಮ್ಮ ಚಕ್ಕೋತದ ಮರದ ಮೇಲೆ ಹಾದುಹೋಗುತ್ತದೆ.

ನನ್ನ ಹೆಂಡತಿಗೆ ರಕ್ತದೊತ್ತಡವಿದೆ. ಮಾತ್ರೆ ಎಷ್ಟು ಮುಖ್ಯವೋ ನಿದ್ದೆಯೂ ಅಷ್ಟೇ ಮುಖ್ಯ ಎಂದು ವೈದ್ಯರು ಹೇಳಿದ್ದಾರೆ. ಮಾತ್ರೆ ತಂದುಕೊಡಬಹುದು, ನಿದ್ದೆ ಎಲ್ಲಿಂದ ತರಲಿ? ರಾತ್ರಿ ಎರಡು ಮೂರು ಸಲ ಎದ್ದು ಕೂತಿರುತ್ತಾಳೆ. ಜರ್ಮನಿಯಲ್ಲಿರುವ ಮಗಳು ಫೋನು ಮಾಡಿದಾಗಲೆಲ್ಲ, "ಅಪ್ಪ, ಮನೆ ಮಾರಿಬಿಡಿ, ಒಳ್ಳೆ ರೇಟಿದೆ. ಮೈಸೂರಿಗೆ ಹೋಗಿ ಆರಾಮಾಗಿರಿ" ಎನ್ನುತ್ತಾಳೆ. ಬ್ರೋಕರ್ ಒಬ್ಬ ತಿಂಗಳಿಗೊಮ್ಮೆ ಬಂದು ಕಾಫಿ ಕುಡಿದು ಹೋಗುತ್ತಾನೆ.

ಕಳೆದ ಜುಲೈನಲ್ಲಿ ಮಗಳು ರಜೆಗೆ ಬಂದಳು, ಜೊತೆಗೆ ಹತ್ತು ವರ್ಷದ ಮೊಮ್ಮಗ. ಬಂದ ಮರುದಿನ ನಾನು ಏನೋ ಹೇಳುತ್ತಿದ್ದೆ, ವಿಮಾನ ಬಂತು, ಅಭ್ಯಾಸಬಲದಿಂದ ಮಾತು ನಿಲ್ಲಿಸಿದೆ. ಅದು ಹೋದ ಮೇಲೆ ನಿಂತಲ್ಲಿಂದಲೇ ಮುಂದುವರಿಸಿದೆ. ಹುಡುಗ ಬಿದ್ದು ಬಿದ್ದು ನಕ್ಕ. "ತಾತ, ನೀವು ವಿಡಿಯೋ ಥರ ಪಾಸ್ ಆಗ್ತೀರ!" ಎಂದ. ನಮ್ಮೂರಿನವರೆಲ್ಲ ಹಾಗೆಯೇ ಮಾತಾಡುತ್ತೇವೆ ಎಂಬುದು ಅಂದೇ ನನಗೆ ಹೊಳೆದದ್ದು.

"ದಿನಕ್ಕೆ ಎಷ್ಟು ಬರುತ್ತೆ ತಾತ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಬಿ.ಕಾಂ. ಓದಿ ಜೀವನವೆಲ್ಲ ಲೆಕ್ಕ ಬರೆದವನಿಗೆ ತನ್ನ ಮನೆಯ ಮೇಲಿನ ಲೆಕ್ಕವೇ ಗೊತ್ತಿಲ್ಲ ಎಂದರೆ ಅವಮಾನವಲ್ಲವೇ? ಹಳೆಯ ಲೆಡ್ಜರ್ ಪುಸ್ತಕ ತೆಗೆದು ನಾಲ್ಕು ಕಾಲಂ ಎಳೆದೆವು. ದಿನಾಂಕ, ಸಮಯ, ದಿಕ್ಕು, ಷರಾ. ಷರಾ ಕಾಲಂ ಅವನದು. "ಅಜ್ಜಿ ದೇವರ ಪೂಜೆ ನಿಲ್ಲಿಸಿದರು", "ನಾಯಿ ಬೊಗಳಿತು", "ಧಾರಾವಾಹಿಯ ಮುಖ್ಯ ಮಾತು ಕೇಳಲಿಲ್ಲ" ಎಂದೆಲ್ಲ ಅವನು ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ಒಂದು ರಾತ್ರಿ 10ರಿಂದ 11ರೊಳಗೆ 13 ವಿಮಾನ ಬರೆದೆವು. ಹದಿನಾಲ್ಕನೆಯದು ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ಲೆಡ್ಜರಿನಲ್ಲಿ ಒಂದು ವಿಚಿತ್ರ ಕಂಡಿತು. ದಿಕ್ಕಿನ ಕಾಲಂನಲ್ಲಿ ಹೆಚ್ಚುಕಡಿಮೆ ಎಲ್ಲವೂ "ಪಶ್ಚಿಮಕ್ಕೆ". ಅದಕ್ಕೆ ಕಾರಣ ಗಾಳಿ. ವಿಮಾನ ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿ ಹೋಗುತ್ತದೆ. ಎದುರುಗಾಳಿ ರೆಕ್ಕೆಗೆ ಆಸರೆ ಕೊಡುತ್ತದೆ, ಗಾಳಿಪಟ ಬಿಟ್ಟವರಿಗೆಲ್ಲ ಇದು ಗೊತ್ತು. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ವಿಮಾನಗಳು ಪಶ್ಚಿಮಕ್ಕೆ, ಅಂದರೆ ನಮ್ಮ ಮನೆಯ ಕಡೆಗೆ ಏರುತ್ತವೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ. ಆಗ ನಮ್ಮ ಮೇಲೆಯೇ ಇಳಿದು ಬರುತ್ತವೆ. ಇಳಿಯುವ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ, 19 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಕೆಳಗೆ ಬರುತ್ತದೆ. 6 ಕಿಲೋಮೀಟರ್ ದೂರಕ್ಕೆ ಎಷ್ಟು ಎತ್ತರ? ಲೆಕ್ಕ ಮಾಡಿ ನೋಡಿ. ಸುಮಾರು 300 ಮೀಟರ್ ಬರುತ್ತದೆ. ಏರುವಾಗ ಎಂಜಿನ್ ಗುಡುಗುತ್ತದೆ, ಇಳಿಯುವಾಗ ಚಾಚಿದ ಚಕ್ರಗಳೂ ರೆಕ್ಕೆಯ ಮಡಿಕೆಗಳೂ ಗಾಳಿಯನ್ನು ಸೀಳಿ ಶಿಳ್ಳೆ ಹಾಕುತ್ತವೆ. ರನ್‌ವೇ ಮೇಲೆ ದೊಡ್ಡದಾಗಿ ಬರೆದಿರುವ 09 ಮತ್ತು 27 ಎಂಬ ಅಂಕಿಗಳೂ ಈ ದಿಕ್ಕಿನವೇ. ದಿಕ್ಸೂಚಿಯ 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ಕೊನೆಯ ಸೊನ್ನೆ ಬಿಟ್ಟು ಬರೆಯುತ್ತಾರೆ.

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಮೀರಬಾರದು ಎಂದು 2000ನೇ ಇಸವಿಯ ನಿಯಮ ಹೇಳುತ್ತದೆ. ವಿಮಾನ ನಿಲ್ದಾಣದ ಸುತ್ತಮುತ್ತ ಬೇರೆಯೇ ನಿಯಮವಿದೆ, ಅಲ್ಲಿ ಮಿತಿ ಇದಕ್ಕಿಂತ ಹೆಚ್ಚು. ಮೊಮ್ಮಗ ಅಮ್ಮನ ಮೊಬೈಲಿನಲ್ಲಿ ಅಳೆದಾಗ ನಮ್ಮ ಅಂಗಳದಲ್ಲಿ ಒಂದು ವಿಮಾನಕ್ಕೆ 76 ತೋರಿಸಿತು. "ಹಾಗಾದ್ರೆ ರೂಲ್ ಮುರಿದ್ರು!" ಎಂದು ಕುಣಿದ. "ಅವಸರ ಮಾಡಬೇಡ" ಎಂದೆ. ಮೊಬೈಲಿನ ಅಳತೆ ಅಂದಾಜು. ಅಲ್ಲದೆ ನಿಯಮದ ಅಂಕಿ ಸರಾಸರಿಯದು, ನಾವು ಅಳೆದದ್ದು ಒಂದು ಗಳಿಗೆಯ ಸದ್ದು.

ಸರಾಸರಿ ಎಂದರೇನು ಎಂಬುದನ್ನು ಬ್ಯಾಂಕಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ತಿಂಗಳ ಸರಾಸರಿ ಬ್ಯಾಲೆನ್ಸ್ ನೋಡಿದರೆ ಖಾತೆ ತುಂಬಿದಂತೆ ಕಾಣುತ್ತದೆ. ಆದರೆ 17ನೇ ತಾರೀಖು, ಮಗನ ಫೀಸು ಕಟ್ಟುವ ದಿನ, ಅದೇ ಖಾತೆ ಬರಿದಾಗಿರಬಹುದು. ಸದ್ದೂ ಹಾಗೆಯೇ. ರಾತ್ರಿಯ ಸರಾಸರಿ ಎಷ್ಟೇ ಇರಲಿ, ನನ್ನ ಹೆಂಡತಿಯನ್ನು ಎಬ್ಬಿಸುವುದು ಸರಾಸರಿಯಲ್ಲ, ಆ ಒಂದು ವಿಮಾನ.

ಒಂದು ಬೆಳಗ್ಗೆ ಅವಳ ಕೆಂಪು ಕಣ್ಣು ನೋಡಿ ಮೊಮ್ಮಗ ಹೇಳಿದ: "ಅಜ್ಜಿ, ನಮ್ಮೂರಲ್ಲಿ ರಾತ್ರಿ ವಿಮಾನಗಳೂ ಮಲಗ್ತವೆ."

ಅವನು ಹೇಳಿದ್ದು ನಿಜ. ಅವರಿರುವುದು ಫ್ರಾಂಕ್‌ಫರ್ಟ್ ಪಕ್ಕದ ಆಫೆನ್‌ಬಾಖ್ ಎಂಬ ಊರಿನಲ್ಲಿ. ಅಲ್ಲಿಯೂ ವಿಮಾನಗಳ ದಾರಿ ಮನೆಗಳ ಮೇಲೆಯೇ. 2023ರಲ್ಲಿ ನಾವಿಬ್ಬರೂ ಅಲ್ಲಿ ಒಂದೂವರೆ ತಿಂಗಳು ಇದ್ದೆವು. ಬಾಲ್ಕನಿಯಲ್ಲಿ ಕೂತರೆ ಒಂದರ ಹಿಂದೆ ಒಂದು ಇಳಿಯುವುದು ಕಾಣುತ್ತಿತ್ತು. ಆದರೆ ರಾತ್ರಿ 11 ಆಯಿತೆಂದರೆ ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗುತ್ತಿತ್ತು. ಮತ್ತೆ ಶುರು ಬೆಳಗಿನ 5ರ ಮೇಲೆಯೇ. 2011ರಲ್ಲಿ ಅಲ್ಲಿ ಹೊಸ ರನ್‌ವೇ ಬಂದಾಗ, ಈ ಆರು ಗಂಟೆಗಳ ನಿಷೇಧವೂ ಬಂತು. ಮುಂದಿನ ವರ್ಷ ಅಲ್ಲಿನ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸದ್ದಿನಿಂದ ಬೇಸತ್ತ ಜನ ಸೋಮವಾರ ಸಂಜೆಗಳಲ್ಲಿ ವಿಮಾನ ನಿಲ್ದಾಣದ ಒಳಗೇ ಸೇರಿ ಪ್ರತಿಭಟಿಸುತ್ತಿದ್ದರಂತೆ. ಆ ಒಂದೂವರೆ ತಿಂಗಳು ನನ್ನ ಹೆಂಡತಿ ಚೆನ್ನಾಗಿ ನಿದ್ದೆ ಮಾಡಿದಳು.

ಈಗ ಒಂದು ಗಡಿಯಾರದ ಲೆಕ್ಕ. ಇಲ್ಲಿಂದ ಫ್ರಾಂಕ್‌ಫರ್ಟಿಗೆ ಸುಮಾರು ಒಂಬತ್ತೂವರೆ ಗಂಟೆಯ ಹಾರಾಟ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ 9ಕ್ಕೆ ಇಳಿಯಬೇಕಾದರೆ ಇಲ್ಲಿಂದ ಎಷ್ಟಕ್ಕೆ ಹೊರಡಬೇಕು? ನಡುರಾತ್ರಿ 3ಕ್ಕೆ! ನಮ್ಮ ಮಗಳ ಊರಿನವರು ಎದ್ದು ಕಾಫಿ ಕುಡಿಯುವ ಹೊತ್ತಿಗೆ ವಿಮಾನ ಅಲ್ಲಿ ಮುಟ್ಟಬೇಕೆಂದರೆ ಅದು ನಮ್ಮ ನಿದ್ದೆಯ ಮೇಲೆಯೇ ಹಾದುಹೋಗಬೇಕು. ಇದರಲ್ಲಿ ಯಾರದೂ ಕೆಟ್ಟ ಬುದ್ಧಿಯಿಲ್ಲ. ಭೂಮಿ ದುಂಡಗಿದೆ, ಅಷ್ಟೆ. ಆದರೂ ಲೆಡ್ಜರಿನಲ್ಲಿ ಒಂದು ಕಡೆ ಜಮಾ ಆದದ್ದು ಇನ್ನೊಂದು ಕಡೆ ಖರ್ಚಾಗಿಯೇ ತೀರಬೇಕು.

"ಹಾಗಾದರೆ ವಿಮಾನ ನಿಂತರೆ ಒಳ್ಳೆಯದಲ್ಲವೇ ತಾತ?" ಎಂದು ನೀವು ಕೇಳಬಹುದು. ಒಮ್ಮೆ ನಿಂತಿತ್ತು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕರ ವಿಮಾನಗಳು ಹಾರಲಿಲ್ಲ. ಹೊರದೇಶದವಂತೂ ಅದಕ್ಕೂ ಮೊದಲೇ ನಿಂತಿದ್ದವು. ಕೆರೆಯಾಚೆಯ ಊರಿನ ದೇವಸ್ಥಾನದ ಗಂಟೆ ನಮ್ಮ ಅಂಗಳಕ್ಕೆ ಕೇಳಿಸಿತು. ನಾನು ಹಿಗ್ಗಿದೆ. ನನ್ನ ಹೆಂಡತಿ ಹಿಗ್ಗಲಿಲ್ಲ. ಮಗಳು, ಆಗ ಐದು ವರ್ಷದ ಮೊಮ್ಮಗ ಅಲ್ಲಿ ಮನೆಯೊಳಗೆ ಕೂತಿದ್ದರು. ಏನಾದರೂ ಆದರೆ ಹೋಗಲೂ ದಾರಿಯಿಲ್ಲ, ಬರಲೂ ದಾರಿಯಿಲ್ಲ. ರಾತ್ರಿ ತಾರಸಿಯ ಮೇಲೆ ನಿಂತು ಖಾಲಿ ಆಕಾಶ ನೋಡಿ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ರೀ, ನಿದ್ದೆ ಹಾಳಾದ್ರೂ ಹೋಗ್ಲಿ, ಆ ಸದ್ದು ಬರಲಿ."

ಹಾಗಾಗಿ ವಿಮಾನವೇ ಬೇಡ ಎಂದು ಹೇಳುವ ಬಾಯಿ ನಮಗಿಲ್ಲ. ಮತ್ತೇನು ಕೇಳುವುದು?

ಉತ್ತರ ಸಿಕ್ಕಿದ್ದು ನಮ್ಮ ಕೆರೆಯ ಏರಿಯ ಮೇಲೆ. ಒಂದು ಸಂಜೆ ಮೊಮ್ಮಗನಿಗೆ ತೂಬು ತೋರಿಸುತ್ತ ನೀರುಗಂಟಿಯ ವಿಷಯ ಹೇಳಿದೆ. ನಾನು ಚಿಕ್ಕವನಿದ್ದಾಗ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವುದು ಅವನ ಕೆಲಸ. ಇವತ್ತು ಈ ಬಯಲಿಗೆ, ನಾಳೆ ಆ ಬಯಲಿಗೆ ಎಂದು ಸರದಿ ಹಾಕಿ ಬಿಡುತ್ತಿದ್ದ. ಗೌಡರ ಗದ್ದೆಯಾದರೂ ಸರದಿ ತಪ್ಪಿಸುತ್ತಿರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ದಿಗೂ ಒಬ್ಬ ನೀರುಗಂಟಿ ಇರಬೇಕಿತ್ತು" ಎಂದ.

ಇದ್ದಾನೆ ಮಕ್ಕಳೇ, ಕೆಲವು ಕಡೆ ಇದ್ದಾನೆ. ಲಂಡನ್ನಿನ ಹೀಥ್ರೂನಲ್ಲಿ ಎರಡು ರನ್‌ವೇ ಇವೆ. ಪಶ್ಚಿಮದ ಗಾಳಿ ಇರುವ ದಿನಗಳಲ್ಲಿ, ವಿಮಾನಗಳು ಇಳಿಯುವ ರನ್‌ವೇಯನ್ನು ಮಧ್ಯಾಹ್ನ 3 ಗಂಟೆಗೆ ಬದಲಿಸುತ್ತಾರೆ. ಅರ್ಧ ದಿನ ಒಂದು ಸಾಲಿನ ಊರುಗಳಿಗೆ ಬಿಡುವು, ಉಳಿದ ಅರ್ಧ ದಿನ ಇನ್ನೊಂದು ಸಾಲಿಗೆ. ಯಾವ ವಾರ ಯಾರಿಗೆ ಯಾವ ಹೊತ್ತಿನಲ್ಲಿ ಬಿಡುವು ಎಂದು ಮೊದಲೇ ಪ್ರಕಟಿಸುತ್ತಾರೆ. ನೀರು ಎಲ್ಲರಿಗೂ ಬೇಕು, ಅದಕ್ಕೇ ಸರದಿ. ಸದ್ದು ಯಾರಿಗೂ ಬೇಡ, ಅದಕ್ಕೂ ಸರದಿ ಯಾಕಿರಬಾರದು?

ಅಂದು ರಾತ್ರಿಯೇ ಸಂಬಂಧಪಟ್ಟವರಿಗೆ ಒಂದು ಪತ್ರ ಬರೆದೆ. ನಡುರಾತ್ರಿಯಿಂದ ಬೆಳಗಿನ 5ರವರೆಗೆ, ಸುರಕ್ಷತೆಗೆ ತೊಂದರೆಯಾಗದಂತೆ, ಎರಡು ರನ್‌ವೇಗಳ ನಡುವೆ ವಾರದ ಸರದಿ ಇಡಲು ಸಾಧ್ಯವೇ ಎಂದು ಕೇಳಿದೆ. ಉತ್ತರದ ಸಾಲಿನಲ್ಲಿಯೂ ಅಜ್ಜಿಯರಿದ್ದಾರೆ, ಹಾಗಾಗಿ ನಮಗೊಬ್ಬರಿಗೇ ಬಿಡುವು ಬೇಡ ಎಂದೂ ಬರೆದೆ. ಲೆಡ್ಜರಿನ ಮೂವತ್ತು ದಿನಗಳ ನಕಲು ಲಗತ್ತಿಸಿದೆ. ಊರಿನ 41 ಮಂದಿ ಸಹಿ ಹಾಕಿದರು. ಮೊಮ್ಮಗನೂ ಕನ್ನಡದಲ್ಲಿ ತನ್ನ ಹೆಸರು ಬರೆದ. ಕೊಂಬು ಒಂದು ಬಿಟ್ಟುಹೋಗಿತ್ತು, ತಿದ್ದಲಿಲ್ಲ.

ಮನೆ ಮಾರುವ ಮಾತಿಗೆ ಕೊನೆ ಹಾಡಿದವಳು ನನ್ನ ಹೆಂಡತಿ. "ಮಾರಿದ್ರೆ ಕೊಂಡುಕೊಂಡೋರ ಮನೇಲೂ ಮುದುಕಿ ಇರ್ತಾಳೆ ತಾನೇ? ಸದ್ದೇನು ನಮ್ಮ ಜೊತೆ ಮೈಸೂರಿಗೆ ಬರುತ್ತಾ?" ಎಂದಳು. ಮಗಳು ಮಾತಾಡಲಿಲ್ಲ. ಮಾರನೆಯ ದಿನ ಮಂಚವನ್ನು ಹಿಂದೆ ರಾಗಿ ತುಂಬಿಡುತ್ತಿದ್ದ ಒಳಕೋಣೆಗೆ ಹಾಕಿಸಿದಳು. ಅಲ್ಲಿ ಕಿಟಕಿಯಿಲ್ಲ, ಗೋಡೆ ದಪ್ಪ. ಈಗ ರಾತ್ರಿ ಒಂದೇ ಸಲ ಎಚ್ಚರವಾಗುತ್ತದಂತೆ.

ಆಗಸ್ಟಿನಲ್ಲಿ ಅವರು ಹೊರಟರು. ರಾತ್ರಿ 11ಕ್ಕೆ ಟ್ಯಾಕ್ಸಿ ಬಂತು. ಚಕ್ಕೋತ ಒಯ್ಯಲು ಆಗದು ಎಂದರೂ ಕೇಳದೆ ಅಜ್ಜಿ ಅದರ ತೊಳೆ ಬಿಡಿಸಿ ಡಬ್ಬಿಗೆ ಹಾಕಿ, ದಾರಿಯಲ್ಲೇ ತಿನ್ನಲು ಕೊಟ್ಟಳು. ಹುಡುಗ ನನ್ನ ಕಿವಿಯಲ್ಲಿ, "ತಾತ, ಕಿಟಕಿ ಸೀಟು. ಬ್ಯಾಟರಿ ಬಿಡಿ, ನೋಡ್ತೀನಿ" ಎಂದ.

ನಾವಿಬ್ಬರೂ 3 ಗಂಟೆಗೆ ತಾರಸಿ ಹತ್ತಿದೆವು. ಮೋಡ ಕವಿದಿತ್ತು. ಪೂರ್ವದಲ್ಲಿ ಒಂದು ಬೆಳಕು ಎದ್ದಿತು, ದೊಡ್ಡದಾಯಿತು, ಗುಡುಗುತ್ತ ಮೇಲೆ ಬಂತು. ನನ್ನ ಹೆಂಡತಿ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅವನಿಗೆ ಕಂಡಿತೋ ಇಲ್ಲವೋ. ಅದು ಮೋಡದೊಳಗೆ ಹೋದ ಮೇಲೂ ಸದ್ದು ಸ್ವಲ್ಪ ಹೊತ್ತು ಉಳಿದಿತ್ತು. ಅದು ಪೂರ್ತಿ ಅಡಗುವವರೆಗೂ ಅವಳು ಕೆಳಗಿಳಿಯಲಿಲ್ಲ.

ಲೆಡ್ಜರಿನಲ್ಲಿ ಬರೆದೆ: 3.22, ಪಶ್ಚಿಮಕ್ಕೆ. ಷರಾ ಕಾಲಂ ಅವನದು, ಖಾಲಿ ಬಿಡಲು ಮನಸ್ಸಾಗಲಿಲ್ಲ. "ಮೊಮ್ಮಗ" ಎಂದಷ್ಟೇ ಬರೆದೆ.

3.26ಕ್ಕೆ ಇನ್ನೊಂದು ಬಂತು. ಅದನ್ನೂ ಬರೆದೆ. ಅದರಲ್ಲಿ ಯಾರ ಮೊಮ್ಮಗನಿದ್ದನೋ.