ಹೊರುವಷ್ಟು ಬಲ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಅವನೂ ಈಗ ಐವತ್ತರ ಹತ್ತಿರದವನು. ತಂದೆಯ ಕಾಯಿಲೆ, ಸಾಲ, ನೌಕರಿಯ ಕಿರಿಕಿರಿ ಎಲ್ಲವನ್ನೂ ಹೇಳಿಕೊಂಡು ಕೊನೆಗೆ, "ಸರ್, ಆ ವರ್ಷ ನೀವು ಹ್ಯಾಂಗ ತಡಕೊಂಡ್ರಿ?" ಎಂದು ಕೇಳಿದ. ದೇವರಿದ್ದಾನೆ ಎಂದಷ್ಟೇ ಹೇಳಿ ಫೋನಿಟ್ಟೆ. ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಎಂದು ಆಮೇಲೆ ಅನಿಸಿತು. ಅದಕ್ಕಾಗಿ ಈ ಬರಹ.

ಆ ವರ್ಷವೆಂದರೆ 1993. ಮನೆ ಬಸವಕಲ್ಯಾಣದಲ್ಲಿ, ನೌಕರಿ ಹುಮನಾಬಾದಿನಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು, ಸಸ್ತಾಪುರ ಬಂಗ್ಲಾದ ಬಳಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಸೇರಿ, ರಾಜೇಶ್ವರ ದಾಟಿ ಹೋಗುತ್ತಿದ್ದೆ. ನನ್ನ ಪತ್ನಿಯ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆ ಎಂದು ವೈದ್ಯರು ಹೇಳಿದ್ದು ಆ ಬೇಸಿಗೆಯಲ್ಲಿ. ಡಯಾಲಿಸಿಸ್‌ಗೆ ಹೈದರಾಬಾದಿಗೇ ಹೋಗಬೇಕು. ವಾರಕ್ಕೆ ಎರಡು ಸಲ ಎಂದಿದ್ದರು. ನಮ್ಮ ಕೈಲಾಗುತ್ತಿದ್ದುದು ಒಂದೇ ಸಲ. ಮೊದಲು ಹೊಲ ಒತ್ತೆ ಬಿತ್ತು, ಆಮೇಲೆ ಅವಳ ಬಳೆಗಳು.

ಸಂಜೆ ಬಸ್ಸು ಹತ್ತುವ ಮೊದಲು ವೀರಭದ್ರೇಶ್ವರನ ಗುಡಿಗೆ ಹೋಗಿ ನಿಲ್ಲುತ್ತಿದ್ದೆ. ಗುರುವಾರಗಳಂದು ಮಾಣಿಕನಗರಕ್ಕೂ ಹೋಗುತ್ತಿದ್ದೆ. 1817ರಲ್ಲಿ ನಮ್ಮ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿಗೆ ಬಂದು ನೆಲೆಸಿದವರು. ನನ್ನದೂ ಅದೇ ದಾರಿ ಎಂದು ಅವರ ಸಮಾಧಿಯ ಮುಂದೆ ಸಲಿಗೆ. ಆದರೆ ಗಣಿತದ ಮೇಷ್ಟ್ರಾದ ನಾನು ದೇವರ ಮುಂದೆಯೂ ಲೆಕ್ಕವನ್ನೇ ಮಂಡಿಸುತ್ತಿದ್ದೆ. ಇಷ್ಟು ಸೋಮವಾರ ಉಪವಾಸ, ಇಷ್ಟು ಜನಕ್ಕೆ ಊಟ, ಅದಕ್ಕೆ ಪ್ರತಿಯಾಗಿ ಅವಳ ಪ್ರಾಣ.

ಇನ್ನೊಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಗಸ್ಟಿನಲ್ಲಿ ಒಂದು ದಿನ, ಲೆಕ್ಕ ಮಾಡಿಕೊಂಡು ಬಾರದ ಹುಡುಗನೊಬ್ಬನಿಗೆ ಬೆತ್ತ ಮುರಿಯುವವರೆಗೆ ಹೊಡೆದೆ. ತಪ್ಪು ಅವನದಾಗಿರಲಿಲ್ಲ. ಹಿಂದಿನ ರಾತ್ರಿ ಸಾಲಗಾರ ಮನೆಗೆ ಬಂದು ಹೋಗಿದ್ದ, ಅಷ್ಟೇ. ಆ ದಿನ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ ನಿಮಗೆ ನೆನಪಿರುತ್ತದೆ.

ಅದನ್ನು ಅವ್ವನ ಮುಂದೆ ಹೇಳಿಕೊಂಡೆ. ಅವಳಿಗೆ ಓದು ಬರಹವಿರಲಿಲ್ಲ. "ದೇವ್ರಿಗಿ ಲಂಚ ಕೊಡ್ಲತ್ತಿ ಏನು? ನಾಳಿ ಮುಂಜಾನಿ ಎದ್ದು ಸಾಲಿಗಿ ಹೋಗೂವಷ್ಟು ಬಲ ಕೇಳು. ಅಷ್ಟೇ ಕೇಳು" ಎಂದಳು. ಆಮೇಲೆ ನುಲಿಯ ಚಂದಯ್ಯನ ಕಥೆ ತೆಗೆದಳು. ಹಗ್ಗ ಹೊಸೆಯುವ ಕಾಯಕದ ಆ ಶರಣ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿತ್ತಂತೆ. ಅವನು ಕಾಯಕ ಬಿಟ್ಟು ಅದನ್ನು ಹುಡುಕಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂದು ತನ್ನನ್ನು ಸ್ವೀಕರಿಸು ಎಂದು ಬೇಡಿಕೊಂಡಿತಂತೆ. ನಮ್ಮೂರಿನಲ್ಲಿ ಅವನ ಹೆಸರಿನ ಗವಿಯೇ ಇದೆ. ಚಿಕ್ಕಂದಿನಿಂದ ಕೇಳಿದ ಕಥೆ. ಆ ಹೊತ್ತಿನಲ್ಲಿ ಮಾತ್ರ ಸಿಟ್ಟು ಬಂತು. ಹೆಂಡತಿ ಸಾಯುತ್ತಿರುವಾಗ ಹಗ್ಗ ಹೊಸೆಯುವ ಮಾತೇ?

ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ನಾಲ್ಕು ನಿಮಿಷವಿದ್ದಾಗ, ಭೂಮಿ ನಡುಗಿತು. ಹಿಂದಿನ ದಿನವಷ್ಟೇ ಅನಂತ ಚತುರ್ದಶಿ, ಗಣಪತಿಗಳನ್ನು ಕಳಿಸಿ ಜನ ತಡವಾಗಿ ಮಲಗಿದ್ದರು. ಪತ್ನಿಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಎಷ್ಟು ಹಗುರಾಗಿದ್ದಾಳೆ ಎಂದು ಅರಿವಾದದ್ದು ಆಗಲೇ. ನಮ್ಮ ಮನೆಗೆ ಏನೂ ಆಗಲಿಲ್ಲ. ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಮಾತ್ರ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದು, ಸುಮಾರು 10 ಸಾವಿರ ಜನ ಸತ್ತರು. ನಮ್ಮವೂ ಅಂಥವೇ ಗೋಡೆಗಳು.

ಮರುದಿನದಿಂದ ಓಣಿಯಲ್ಲಿ ರೊಟ್ಟಿ ಕೂಡಿಸತೊಡಗಿದರು. ಹತ್ತು ನಿಮಿಷ ಕೂಡಲಾರದಿದ್ದ ನನ್ನವಳು ಗೋಡೆಗೆ ಒರಗಿ ಕುಳಿತು ಹಿಟ್ಟು ನಾದಿ ಕೊಟ್ಟಳು, ಅವ್ವ ಬಡಿದಳು. ಬೇಡವೆಂದೆ. "ಇವತ್ತು ನಂಗ ನನ್ನ ಜಡ್ಡು ನೆನಪೇ ಆಗಿಲ್ಲ" ಎಂದಳು. ಅಂದಿನ ಆ ಮುಖವನ್ನು ನಾನು ಆರು ತಿಂಗಳಿಂದ ಕಂಡಿರಲಿಲ್ಲ. ಆಕೆಗೆ ಆ ಬಲವನ್ನು ಕೊಟ್ಟವರು ಯಾರೆಂದು ವಿಜ್ಞಾನದ ಮೇಷ್ಟ್ರುಗಳು ಬೇರೆ ಹೆಸರಿನಿಂದ ಹೇಳಬಹುದು, ನನ್ನ ತಕರಾರಿಲ್ಲ. ಆ ಸಂಜೆ ಗುಡಿಯಲ್ಲಿ ನಾನು ಲೆಕ್ಕ ಮಂಡಿಸಲಿಲ್ಲ. ಅವ್ವ ಹೇಳಿದ್ದನ್ನಷ್ಟೇ ಕೇಳಿದೆ.

ಮುಂದಿನ ಜನವರಿಯಲ್ಲಿ, ಹುಮನಾಬಾದಿನ ಜಾತ್ರೆಯ ದಿನಗಳಲ್ಲಿ, ಅವಳು ಹೋದಳು. ಸಾಲ ತೀರಲು ಇನ್ನೂ ಏಳು ವರ್ಷ ಬೇಕಾಯಿತು.

ರಜೆ ಮುಗಿದು ಶಾಲೆಗೆ ಹೊರಟ ದಿನ ಅವ್ವ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿದ್ದಳು. ಗುಡಿಯ ಹತ್ತಿರ ಜಾತ್ರೆಯ ಅಂಗಡಿಗಳನ್ನು ಕಳಚುತ್ತಿದ್ದರು. ಬಾಗಿಲಲ್ಲೇ ಕೈಮುಗಿದು ಮುಂದೆ ನಡೆದೆ. ಮೊದಲ ಅವಧಿ ಹತ್ತನೆಯ ತರಗತಿಗೆ. ಎಲ್ಲರೂ ಎದ್ದು ನಿಂತರು, ಯಾರೂ ಮಾತಾಡಲಿಲ್ಲ. ಹಾಜರಿ ಕರೆದೆ. ಬೆತ್ತದ ಏಟು ತಿಂದಿದ್ದ ಆ ಹುಡುಗನ ಹೆಸರು ಬಂದಾಗ ತಲೆ ಎತ್ತಲು ನನಗೆ ಧೈರ್ಯವಾಗಲಿಲ್ಲ. ಅವನು ಎಂದಿಗಿಂತ ಗಟ್ಟಿಯಾಗಿ, "ಹಾಜರ್ ಸರ್" ಎಂದ.