ಬಾಲ್ಕನಿಯ ಬುಡ್ಡೆಹಣ್ಣು

ವಾಶಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗಿದ್ದ ರಸಭರಿ ನೋಡಿ ಅವ್ವ ನಕ್ಕಳು. "ಬುಡ್ಡೆಹಣ್ಣಿಗೂ ದುಡ್ಡಾ?" ಇದು ಬೇರೆ ಜಾತಿ, ದಕ್ಷಿಣ ಅಮೆರಿಕದ್ದು ಎಂದೆ. ಒಂದನ್ನು ಬಾಯಿಗೆ ಹಾಕಿಕೊಂಡು, "ಬರೀ ಹುಳಿ. ನಮ್ಮ ಹೊಲದ್ದಲ್ಲ ಬಿಡು" ಅಂದಳು.

ನಮ್ಮ ಹೊಲ ಚಳ್ಳಕೆರೆ ಕಡೆ. ವರ್ಷಕ್ಕೆ ಆಸುಪಾಸು 500 ಮಿ.ಮೀ. ಮಳೆಯ ಸೀಮೆ. ಶೇಂಗಾ ಹೊಲದ ಕಳೆ ತೆಗೆಯುವಾಗ ಅವ್ವ ಎಲ್ಲವನ್ನೂ ಕಿತ್ತರೂ ಬದುವಿನ ಬಳಿಯ ಒಂದೆರಡು ಬುಡ್ಡೆಗಿಡಗಳನ್ನು ನಮಗೆಂದು ಉಳಿಸುತ್ತಿದ್ದಳು. ಹಸಿರು ಬುಡ್ಡೆಯನ್ನು ಹಣೆಗೆ ಹೊಡೆದು ಟಪ್ಪೆನ್ನಿಸುವುದು ಆಟ. ಸಿಪ್ಪೆ ಒಣಗಿ, ತಾನಾಗಿ ನೆಲಕ್ಕೆ ಬಿದ್ದದ್ದು ಮಾತ್ರ ತಿನ್ನುವ ಹಣ್ಣು. ಕಾಯಿ ತಿನ್ನಬಾರದೆಂಬುದನ್ನು ಅವಳು ಬೈದೇ ಕಲಿಸಿದ್ದಳು.

ಅಪ್ಪ ಹೋದ ಮೇಲೆ ಹೊಲ ಗುತ್ತಿಗೆಗೆ ಹೋಯಿತು, ಅವ್ವ ಡೊಂಬಿವಲಿಗೆ ಬಂದಳು. ಎರಡು ವರ್ಷವಾದರೂ ಅವಳ ಸೀರೆಗಳು ಬ್ಯಾಗಿನಲ್ಲೇ ಇದ್ದವು. ಕಪಾಟಿನಲ್ಲಿ ಜಾಗ ಮಾಡಿಕೊಟ್ಟರೆ, "ಇರ್ಲಿ ಬಿಡಪ್ಪ" ಅನ್ನುವಳು.

ಒಂದು ಸಂಜೆ ಠಾಕುರ್ಲಿ ಸ್ಟೇಷನ್ನಿನಾಚೆ ಬೇಲಿಯ ಬುಡದಲ್ಲಿ ಅದೇ ಗಿಡ ಕಂಡಿತು. ಉದುರಿದ್ದ ನಾಲ್ಕು ಹಣ್ಣುಗಳನ್ನು ಜೇಬಿಗೆ ಹಾಕಿಕೊಂಡು ಬಂದೆ. ಪಕ್ಕದ ಮನೆಯ ಆಜಿ ನೋಡಿ, "ರಾನ್ ಪೋಪಟಿ!" ಎಂದು ಹಿಗ್ಗಿದರು. ಅವ್ವನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಬಾರದು. ಇಬ್ಬರೂ ಹಣೆ ಮುಟ್ಟಿ ಟಪ್ ಎಂದು ತೋರಿಸಿಕೊಂಡು ನಕ್ಕರು.

ಜೂನಿನಲ್ಲಿ ಬಿತ್ತಿದ್ದು ನನ್ನ ತಪ್ಪು. ನಾಲ್ಕೇ ತಿಂಗಳಲ್ಲಿ 2,000 ಮಿ.ಮೀ. ದಾಟುವ ಇಲ್ಲಿನ ಮಳೆಗೆ ಸಸಿಗಳು ಕುಂಡದಲ್ಲೇ ಕೊಳೆತವು. ಸೆಪ್ಟೆಂಬರ್ ಕೊನೆಗೆ ಅವ್ವನೇ ಕೈಹಾಕಿದಳು. ಮಣ್ಣಿಗೆ ಅರ್ಧ ಮರಳು ಬೆರೆಸಿ, ಕುಂಡದ ತೂತು ಬಿಡಿಸಿ, ನಾನು ತಂದ ಗೊಬ್ಬರದ ಚೀಲವನ್ನು ಮೂಲೆಗೆ ತಳ್ಳಿದಳು. "ಗೊಬ್ಬರ ಹಾಕಿದ್ರೆ ಬರೀ ಸೊಪ್ಪು ಬತ್ತೈತೆ."

ನವೆಂಬರಿಗೆ ಗಿಡ ಮೊಣಕಾಲೆತ್ತರ. ತಿಳಿ ಹಳದಿಯ ಪುಟ್ಟ ಹೂ. ಆಗೊಮ್ಮೆ ಪೈಪು ಒಡೆದು ಎರಡು ದಿನ ನೀರಿರಲಿಲ್ಲ. ಮಧ್ಯಾಹ್ನ ಎಲೆಗಳು ಜೋತುಬಿದ್ದವು. ಕುಡಿಯುವ ನೀರನ್ನೇ ಹೊಯ್ಯಲು ಹೋದೆ, ಅವ್ವ ಕೈ ಹಿಡಿದಳು. ಸಂಜೆಯ ಹೊತ್ತಿಗೆ ಗಿಡ ತಾನೇ ತಲೆಯೆತ್ತಿತ್ತು.

ಡಿಸೆಂಬರಿನಲ್ಲಿ ಹಣ್ಣು. ಗೋಲಿಗಿಂತ ಚಿಕ್ಕವು, ಒಟ್ಟು ಎರಡು ಮುಷ್ಟಿಯೂ ಇಲ್ಲ. ಮಗಳು ನಾಲ್ಕು ತಿಂದು ಐದನೆಯದನ್ನು ಉಗಿದಳು. ಒಳ್ಳೆಯವನ್ನು ಅವ್ವ ಹಿಚುಕಿ, ತೊಳೆದು, ಬೀಜ ಒಣಗಿಸಿದಳು. ಬೂದಿ ಬೇಕೆಂದಳು. ಡೊಂಬಿವಲಿಯಲ್ಲಿ ಬೂದಿ ಎಲ್ಲಿಂದ? ಕೆಳಗಿನ ಇಸ್ತ್ರಿಯವನ ಪೆಟ್ಟಿಗೆಯಿಂದ ತಂದುಕೊಟ್ಟೆ.

ಊರಿಗೆ ಫೋನ್ ಮಾಡಿ ವಿಚಾರಿಸಿದ್ದಳಂತೆ. ಗುತ್ತಿಗೆಯವರು ಕಳೆಗೆ ಔಷಧಿ ಹೊಡೆಯುತ್ತಾರೆ, ಬದುವಿನಲ್ಲೂ ಬುಡ್ಡೆಗಿಡ ಕಾಣುತ್ತಿಲ್ಲ. ಅವ್ವ ಹಳೆಯ ಸೀರೆಯಂಚಿನ ಬಟ್ಟೆಯಲ್ಲಿ ಎರಡು ಗಂಟು ಕಟ್ಟಿದಳು.

"ಇದು ಊರಿಗೆ. ಮಳೆ ಬಿದ್ದ ಮ್ಯಾಲೆ ಹೋಗಿ ಬದಕ್ಕೆ ಚೆಲ್ಲಿ ಬರಾನ."

ಇನ್ನೊಂದು ಗಂಟನ್ನು ಕಪಾಟಿನಲ್ಲಿ, ನಾನು ತೆರವು ಮಾಡಿದ್ದ ಜಾಗದಲ್ಲಿ ಇಟ್ಟಳು.