ಬಿದ್ದ ಚೂರು, ಉಳಿದ ಮರ

ಸ್ಕ್ರಾಲ್ ಸಾ ಯಂತ್ರದಲ್ಲಿ ಗರಗಸ ನಿಂತಲ್ಲೇ ಕುಣಿಯುತ್ತದೆ, ನಡೆಯುವುದು ಮರ. ಐದು ಇಂಚು ಉದ್ದ, ಸುಮಾರು ಒಂದು ಮಿಲಿಮೀಟರ್ ಅಗಲದ ಬ್ಲೇಡು ಮೇಲಿನ ತೋಳಿಗೂ ಕೆಳಗಿನ ತೋಳಿಗೂ ನಡುವೆ ಬಿಗಿದುಕೊಂಡು ನಿಮಿಷಕ್ಕೆ 400ರಿಂದ 1600 ಸಲ ಏರಿಳಿಯುತ್ತಿರುತ್ತದೆ. ನಾವು ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಗೆರೆ ಹೋದ ಹಾಗೆ ಅದನ್ನು ತಿರುಗಿಸುತ್ತಾ ಬ್ಲೇಡಿಗೆ ಒಪ್ಪಿಸಬೇಕು. ಕೈಗರಗಸ ಹಿಡಿದು ಬೆಳೆದವರಿಗೆ ಇದು ತಲೆಕೆಳಗಾದ ಲೋಕ. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲು ಕಿಟಕಿ ರಿಪೇರಿಗೆ ಬರುವ ವಯಸ್ಸಾದ ಆಚಾರಿಯೊಬ್ಬರು ಒಂದು ಸಲ ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: “ಮರತ್ತ ತಿರುಪ್ಪುಂಗ ಸಾರ್, ಬ್ಲೇಡ ಇಲ್ಲ.” ಮರವನ್ನು ತಿರುಗಿಸಿ, ಬ್ಲೇಡನ್ನಲ್ಲ. ಈ ಹವ್ಯಾಸದ ಮೊದಲ ಪಾಠವೂ ಅದೇ, ಹತ್ತನೆಯ ಪಾಠವೂ ಅದೇ. ಪಕ್ಕಕ್ಕೆ ಒತ್ತಿದರೆ ಬ್ಲೇಡು ಬಿಲ್ಲಿನಂತೆ ಬಾಗುತ್ತದೆ. ಮೇಲ್ಮೈಯಲ್ಲಿ ಗೆರೆ ಸರಿಯಾಗಿಯೇ ಕಾಣುತ್ತಿರುತ್ತದೆ, ಹಲಗೆಯ ಅಡಿಯಲ್ಲಿ ಮಾತ್ರ ಬೇರೆ ದಾರಿ ಹಿಡಿದಿರುತ್ತದೆ.

ಇನ್ನೊಂದು ಸಂಗತಿ ಕೆಲಸ ಶುರುಮಾಡಿದವರನ್ನು ಬಹಳ ಕಾಡುತ್ತದೆ. ನೇರ ಗೆರೆ ಕೊಯ್ಯುವಾಗ ಬ್ಲೇಡು ಬಲಕ್ಕೆ ಎಳೆಯುತ್ತದೆ. ತಯಾರಿಕೆಯಲ್ಲಿ ಹಲ್ಲು ಕತ್ತರಿಸುವಾಗ ಒಂದು ಬದಿಗೆ ಉಕ್ಕಿನ ಸಣ್ಣ ಮುಳ್ಳು ಉಳಿದುಬಿಡುತ್ತದೆ. ಆ ಬದಿ ಹೆಚ್ಚು ಹರಿತ, ಹಾಗಾಗಿ ಬ್ಲೇಡು ಆ ಕಡೆಗೇ ಹೊರಳುತ್ತದೆ. ಹಲಗೆಯನ್ನು ಕೊಂಚ ಓರೆಯಾಗಿ ಹಿಡಿದು ನೂಕಿದರೆ ಕೊಯ್ತ ನೇರವಾಗುತ್ತದೆ. ಕೈಯ ಅಭ್ಯಾಸ ಸಾಲದೆಂದು ಕೊರಗುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಿಗಿತವನ್ನು ಪರೀಕ್ಷಿಸುವುದು ಬೆರಳಿನಿಂದ: ಯಂತ್ರ ನಿಲ್ಲಿಸಿ, ತಂಬೂರಿಯ ತಂತಿಯಂತೆ ಬ್ಲೇಡನ್ನು ಮೀಟಿದರೆ ಏರುದನಿಯ ಸ್ಪಷ್ಟ ನಾದ ಬರಬೇಕು. ಮಂಕಾದ ‘ಡಬ್’ ಸದ್ದು ಬಂದರೆ ಇನ್ನಷ್ಟು ಬಿಗಿಯಬೇಕು. ಬೀಟೆಯಂಥ ಗಟ್ಟಿ ಮರವಾದರೆ ನಕ್ಷೆಯ ಕಾಗದದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪು ಅಂಟಿಸಬೇಕು. ಇಲ್ಲದಿದ್ದರೆ ತಿರುವುಗಳಲ್ಲಿ ಮರ ಸುಟ್ಟು ಕಪ್ಪಾಗುತ್ತದೆ.

ನಾನಿರುವುದು ಚೆನ್ನೈನ ನುಂಗಂಬಾಕ್ಕಂನಲ್ಲಿ, ಕಾಲೇಜು ರಸ್ತೆಗೆ ನಡೆದು ಹೋಗುವಷ್ಟು ದೂರದಲ್ಲಿ. ಯಂತ್ರ ಇರುವುದು ಬಾಲ್ಕನಿಯಲ್ಲಿ. ಸದ್ದಿನ ವಿಷಯದಲ್ಲಿ ಪಕ್ಕದ ಮನೆಯವರೊಂದಿಗೆ ಒಪ್ಪಂದವಾಗಿದೆ: ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ನಾನು ನಕ್ಷೆ ಬರೆಯುತ್ತೇನೆ, ಉಪ್ಪುಕಾಗದ ಉಜ್ಜುತ್ತೇನೆ. ಸದ್ದಿಗಿಂತ ದೊಡ್ಡ ಶತ್ರು ಅದುರುವಿಕೆ. ಯಂತ್ರ ಅದುರಿದರೆ ಗೆರೆಯೂ ಅದುರುತ್ತದೆ. ಅದಕ್ಕೆ ಪರಿಹಾರ ಭಾರ: ಯಂತ್ರವನ್ನು ಭಾರವಾದ ಪೀಠಕ್ಕೆ ಬೋಲ್ಟು ಹಾಕಿ ಕೂರಿಸಬೇಕು. ಇದನ್ನು ಈ ಬಡಾವಣೆ ನನಗಿಂತ ಬಹಳ ಮೊದಲೇ ತಿಳಿದಿತ್ತು. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನುಂಗಂಬಾಕ್ಕಂನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿದಾಗ, ನಕ್ಷತ್ರ ಅಳೆಯುವ ಉಪಕರಣ ಕೂದಲೆಳೆಯಷ್ಟೂ ಅಲುಗದಿರಲೆಂದು ಅದನ್ನು ಭಾರೀ ಗ್ರಾನೈಟ್ ಕಂಬದ ಮೇಲಿಟ್ಟರು. ವೀಕ್ಷಣಾಲಯದ ಕೆಲಸ ಕೊಡೈಕನಾಲಿಗೆ ಹೋಯಿತು, ಆ ಕಂಬ ಇಂದಿಗೂ ಪ್ರಾದೇಶಿಕ ಹವಾಮಾನ ಕೇಂದ್ರದ ಆವರಣದಲ್ಲಿದೆ.

ಅದೇ ಹವಾಮಾನ ಕೇಂದ್ರದಿಂದ ನಮ್ಮ ಬಡಾವಣೆಯ ಹೆಸರು ದಿನಾ ಸುದ್ದಿಯಲ್ಲಿ ಬರುತ್ತದೆ. ಚೆನ್ನೈನ ಮಳೆ, ಸೆಕೆಯ ಲೆಕ್ಕ ಎಂದರೆ ಎರಡು ಹೆಸರು: ನುಂಗಂಬಾಕ್ಕಂ, ಮೀನಂಬಾಕ್ಕಂ. ಊರಿನವರೆಲ್ಲ ಎಷ್ಟು ಡಿಗ್ರಿ, ಎಷ್ಟು ಸೆಂಟಿಮೀಟರ್ ಎಂದು ಕೇಳಿದರೆ, ಮರದ ಕೆಲಸದವನ ಕಿವಿ ತೇವಾಂಶದ ಅಂಕಿಯ ಮೇಲಿರುತ್ತದೆ. ಮರ ಕೊಯ್ದ ಮೇಲೂ ಗಾಳಿಯ ನೀರನ್ನು ಕುಡಿಯುತ್ತದೆ, ಬಿಡುತ್ತದೆ. ಉದ್ದಕ್ಕೆ ಅದು ಬೆಳೆಯುವುದಿಲ್ಲ ಎಂದೇ ಹೇಳಬಹುದು. ಹಿಗ್ಗುವುದು ಎಳೆಗೆ ಅಡ್ಡವಾಗಿ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಹಿಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಮೈಸೂರಿನ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ತಯಾರಾದ ಪೆಟ್ಟಿಗೆಯ ಮುಚ್ಚಳ ಇಲ್ಲಿಯ ಹಿಂಗಾರಿಗೆ ಬಂದರೆ ಬಿಗಿಹಿಡಿಯುತ್ತದೆ. 2015ರ ನವೆಂಬರಿನಲ್ಲಿ ಇದೇ ಮಾಪನ ಕೇಂದ್ರದಲ್ಲಿ ಒಂದು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ದಾಖಲಾಯಿತು. ಅಂಥ ತಿಂಗಳಲ್ಲಿ ಸೂಕ್ಷ್ಮ ಜೋಡಣೆಗೆ ಕೈಹಾಕಬಾರದು, ಹಲಗೆಗಳನ್ನು ಚಪ್ಪಟೆಯಾಗಿ ಜೋಡಿಸಿ ಮೇಲೆ ಭಾರ ಇಟ್ಟು ಕಾಯಬೇಕು. ಈ ಕಾರಣಕ್ಕೇ ನನಗೆ ಹಳೆಯ ಮನೆಗಳ ತೇಗ ಇಷ್ಟ. ಚೆನ್ನೈನಲ್ಲಿ ಮನೆ ಕೆಡವಿದಾಗ ಬರುವ ಬರ್ಮಾ ತೇಗದ ತೊಲೆ, ಬಾಗಿಲವಾಡಗಳನ್ನು ಮಾರುವವರಿದ್ದಾರೆ. ಈ ಊರಿನ ಗಾಳಿಯನ್ನು ತಲೆಮಾರುಗಟ್ಟಲೆ ಉಂಡ ಆ ಮರ ಅಷ್ಟು ಸುಲಭಕ್ಕೆ ಡೊಂಕಾಗದು.

ಇಷ್ಟೆಲ್ಲ ಕೈಯ ಮಾತು. ಈ ಕೆಲಸ ತಲೆಗೆ ಕಲಿಸಿದ್ದು ಬೇರೆ, ಅದನ್ನು ಕಲಿತದ್ದು ಗೇಟಿನ ಮುಂದಿನ ಕೋಲಂ ನೋಡಿ.

ಬೆಳಗಿನ ಜಾವ ನಮ್ಮ ಬೀದಿಯಲ್ಲಿ ಹಾಕುವ ಸಿಕ್ಕು ಕೋಲಂನಲ್ಲಿ ಮೊದಲು ಚುಕ್ಕಿಗಳ ಸಾಲು ಬರುತ್ತದೆ, ಆಮೇಲೆ ಒಂದೇ ಗೆರೆ ಆ ಚುಕ್ಕಿಗಳನ್ನು ಮುಟ್ಟದೆ, ಬಳಸಿ ಬಳಸಿ, ಹೊರಟಲ್ಲಿಗೇ ಬಂದು ಸೇರುತ್ತದೆ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಈ ಕೋಲಂಗಳಿಗೆ ಗಣಿತದ ವ್ಯಾಕರಣವೊಂದನ್ನು ಕಟ್ಟಿ ಪ್ರಕಟಿಸಿದರು. ಹೆಂಗಸರ ಬೆರಳಿನಲ್ಲಿದ್ದ ವಿದ್ಯೆ ಕಂಪ್ಯೂಟರ್ ವಿಜ್ಞಾನದ ವಿಷಯವಾಯಿತು. ನನ್ನ ಪ್ರಶ್ನೆ ಇನ್ನೂ ಸರಳವಾಗಿತ್ತು: ಇದನ್ನು ಮರದಲ್ಲಿ ತೆಗೆಯುವುದು ಹೇಗೆ?

ನೆಲದ ಮೇಲೆ ಗೆರೆಗೆ ನೆಲದ ಆಸರೆ ಇದೆ. ಮರದಲ್ಲಿ ಗೆರೆ ತಾನೇ ನಿಲ್ಲಬೇಕು. ಹಾಗಾಗಿ ಗೆರೆಗೆ ದಪ್ಪ ಕೊಟ್ಟು, ಅದರ ಎರಡೂ ಅಂಚು ಬರೆದು, ನಡುವಿನ ಖಾಲಿ ಜಾಗಗಳನ್ನೆಲ್ಲ ಕೊಯ್ದು ತೆಗೆಯಬೇಕು. ಪ್ರತಿ ಖಾಲಿ ಜಾಗಕ್ಕೂ ಒಂದು ತೂತು ಕೊರೆದು, ಬ್ಲೇಡನ್ನು ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿಯಬೇಕು. ಗೆರೆಗಳು ಒಂದನ್ನೊಂದು ದಾಟುವ ಕಡೆಯೆಲ್ಲ ಮರ ಕೂಡಿಕೊಳ್ಳುತ್ತದೆ, ಇಡೀ ಕೋಲಂ ಜಾಲಂದರವಾಗಿ ಗಟ್ಟಿ ನಿಲ್ಲುತ್ತದೆ. ನಡುವಿನ ಸಣ್ಣ ಕಿಂಡಿಗಳನ್ನು ಮೊದಲು ತೆಗೆದು, ಹೊರಗಿನ ಗೆರೆಯನ್ನು ಕಟ್ಟಕಡೆಗೆ ಕೊಯ್ಯುವುದು ಕ್ರಮ. ಹೊರಗಿನ ಮರ ಇರುವಷ್ಟು ಹೊತ್ತು ಒಳಗಿನ ನಾಜೂಕಿಗೆ ಬಲ ಇರುತ್ತದೆ. ಎಲ್ಲ ಸರಿ. ಆದರೆ ಚುಕ್ಕಿ? ಕೋಲಂ ಹುಟ್ಟಿದ್ದೇ ಚುಕ್ಕಿಯಿಂದ. ಅದು ಗೆರೆಯನ್ನು ಮುಟ್ಟುವಂತಿಲ್ಲ, ಮುಟ್ಟದೆ ಗಾಳಿಯಲ್ಲಿ ನಿಲ್ಲುವಂತಿಲ್ಲ. ಸುತ್ತ ಕೊಯ್ದು ಮುಗಿಸಿದ ಕ್ಷಣ ಟಪ್ಪನೆ ಕೆಳಗೆ ಬೀಳುತ್ತದೆ.

ಅಲ್ಲಿಂದ ನಾನು ಅಕ್ಷರಗಳನ್ನೂ ಹೀಗೇ ನೋಡತೊಡಗಿದೆ. ತ್ಯಾಗರಾಯನಗರ, ತಿರುವಲ್ಲಿಕ್ಕೇಣಿಗಳ ಪರಿಚಯದ ಕನ್ನಡ ಮನೆಗಳಿಗೆ ನಾಮಫಲಕ ಕೊಯ್ದು ಕೊಡುವುದು ನನ್ನ ಪ್ರೀತಿಯ ಕೆಲಸ. ಬ್ಲೇಡಿಗೆ ನಮ್ಮ ಲಿಪಿ ಬಹಳ ಒಗ್ಗುತ್ತದೆ. ತಮಿಳಿನ ‘ಟ’ ಎರಡು ನೇರ ಗೆರೆಗಳ ಮೂಲೆ. ಅಲ್ಲಿ ಬ್ಲೇಡನ್ನು ವ್ಯರ್ಥದ ಮರದೊಳಗೆ ಕೊಂಡೊಯ್ದು ಸುತ್ತಿ ತರಬೇಕು. ಕನ್ನಡದ ದುಂಡುಗಳಲ್ಲಿ ಹಲಗೆ ತಡೆಯಿಲ್ಲದೆ ತಿರುಗುತ್ತದೆ. ಆದರೆ ಕನ್ನಡಕ್ಕೆ ತನ್ನದೇ ಕಷ್ಟಗಳಿವೆ. ‘ದ’ಕ್ಕೂ ‘ಧ’ಕ್ಕೂ ಇರುವ ಅಂತರ ಅಡಿಯ ಒಂದು ಪುಟ್ಟ ಸೀಳು. ಎಳೆ ಅಡ್ಡ ಬಿದ್ದರೆ ಆ ಜಾಗ ಮುರಿದು ಮಹಾಪ್ರಾಣ ಹೊರಟುಹೋಗುತ್ತದೆ. ಒತ್ತಕ್ಷರ ಮೂಲಾಕ್ಷರದಿಂದ ಕಳಚಿಕೊಂಡು ಕೆಳಗೆ ನಿಲ್ಲುತ್ತದೆ, ಸೊನ್ನೆ ಪಕ್ಕದಲ್ಲಿ ಒಂಟಿ. ಇವನ್ನು ಎಲ್ಲಿ, ಎಷ್ಟು ಸಣ್ಣ ಸೇತುವೆಯಿಂದ ಕೂಡಿಸಿದರೆ ಓದುವ ಕಣ್ಣಿಗೆ ಅಡ್ಡಿಯಾಗದು ಎಂದು ಯೋಚಿಸುವುದರಲ್ಲೇ ಅರ್ಧ ದಿನ ಹೋದರೂ ಅದು ಸಾರ್ಥಕವಾದ ಅರ್ಧ ದಿನ. ನಮ್ಮ ಬಡಾವಣೆಯ ಹೆಸರನ್ನೇ ಕನ್ನಡದಲ್ಲಿ ಬರೆದು ನೋಡಿ: ಮೂರು ಸೊನ್ನೆ, ಒಂದು ಒತ್ತು.

ಇವೆಲ್ಲಕ್ಕಿಂತ ಹಟಮಾರಿ ‘ಠ’. ವೃತ್ತದ ನಡುವೆ ಯಾರನ್ನೂ ಮುಟ್ಟದ ಚುಕ್ಕಿ. ಮಾಧ್ವರ ಮನೆ ಎಂದರೆ ‘ವಿಠಲ’ ಇಲ್ಲದೆ ಆದೀತೇ! ಠಕಾರದ ಜೊತೆ ಗುದ್ದಾಡಿದವರಲ್ಲಿ ನಾನೇ ಮೊದಲಿಗನಲ್ಲ. ನಮ್ಮ ಕಾಲೇಜು ರಸ್ತೆಗೆ ಆ ಹೆಸರು ಬರಲು ಕಾರಣವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾದದ್ದು 1812ರಲ್ಲಿ. ಅದರ ಮುದ್ರಣಾಲಯದಿಂದ 1820ರಲ್ಲಿ ಜಾನ್ ಮೆಕೆರೆಲ್‌ನ ಕನ್ನಡ ವ್ಯಾಕರಣ ಹೊರಬಂತು. ಆ ಕಾಲದ ಅಚ್ಚುಮೊಳೆಗಾರರನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ. ಒಂದೊಂದು ಅಕ್ಷರವನ್ನೂ ಲೋಹದಲ್ಲಿ ಕೊರೆದವರು ಅವರು. ಆದರೂ ಅವರಿಗೊಂದು ಅನುಕೂಲವಿತ್ತು. ಅಚ್ಚುಮೊಳೆಯ ಅಡಿಗೆ ಲೋಹದ ದಿಮ್ಮಿ ಇರುತ್ತದೆ, ಠಕಾರದ ಚುಕ್ಕಿ ಅದರ ಮೇಲೆ ನೆಮ್ಮದಿಯಾಗಿ ನಿಲ್ಲುತ್ತದೆ. ಈಗ ಊರ ತುಂಬ ಇರುವ ಲೇಸರ್ ಯಂತ್ರಗಳಿಗೆ ಆ ಅನುಕೂಲವಿಲ್ಲ. ಅವು ನನ್ನ ಕೈಗಿಂತ ವೇಗವಾಗಿ, ನಿಖರವಾಗಿ ಕೊಯ್ಯುತ್ತವೆ, ನಿಜ. ಆದರೆ ಚುಕ್ಕಿಗೆ ಆಧಾರ ಯಾವುದೆಂದು ಒಬ್ಬ ಮನುಷ್ಯ ಕೂತು ಯೋಚಿಸದಿದ್ದರೆ ಅವುಗಳ ಕೈಯಲ್ಲೂ ಠಕಾರ ಬರಿಯ ವೃತ್ತವಾಗಿಯೇ ಹೊರಬರುತ್ತದೆ.

ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ. ಮಂಡಿ ಮೊಹಲ್ಲಾದ ಬೀಟೆ ಇನ್‌ಲೇ ಕುಶಲಕರ್ಮಿಗಳು ಕೊಯ್ಯುವುದೂ ಇಂಥದೇ ಸಪೂರ ಗರಗಸದಿಂದ. ಆದರೆ ಅವರ ಲೆಕ್ಕವೇ ಬೇರೆ. ನಾನು ಕೊಯ್ದಾಗ ಬೀಳುವ ಚೂರು ಕಸ, ಉಳಿಯುವ ಹಲಗೆ ಕೆಲಸ. ಅವರಿಗೆ ಬೀಳುವ ಚೂರೇ ಕೆಲಸ. ಆನೆಯ ಸೊಂಡಿಲು, ತೆಂಗಿನ ಗರಿ, ದಸರಾ ಮೆರವಣಿಗೆಯ ಛತ್ರಿ, ಒಂದೊಂದನ್ನೂ ಬೇರೆ ಬೇರೆ ಬಣ್ಣದ ಮರದ ತೆಳು ಹಾಳೆಯಲ್ಲಿ ಕೊಯ್ದು, ಬೀಟೆ ಹಲಗೆಯ ಮೇಲಿಟ್ಟು, ಅಂಚಿನ ಗುರುತು ಗೀಚಿ, ಅಷ್ಟು ಜಾಗವನ್ನು ಉಳಿಯಿಂದ ತೋಡಿ, ಚೂರನ್ನು ಅಲ್ಲಿ ಅಂಟಿಸಿ ಕೂರಿಸುತ್ತಾರೆ. ಹಲಸಿನ ಹಳದಿ ಹಲಸಿನದೇ, ಬಣ್ಣ ಬಳಿದದ್ದಲ್ಲ. ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲುಗಳಲ್ಲಿ ಹೀಗೆ ಕೂತಿರುವುದು ದಂತ. (ಆ ಅರಮನೆಯ ವಿನ್ಯಾಸಕಾರ ಹೆನ್ರಿ ಇರ್ವಿನ್ ಇಲ್ಲಿಯವರಿಗೂ ಬೇಕಾದವನು, 1909ರಲ್ಲಿ ತೆರೆದ ಎಗ್ಮೋರಿನ ವಿಕ್ಟೋರಿಯಾ ಸ್ಮಾರಕ ಭವನ ಅವನದೇ.) 1986ರಲ್ಲಿ ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರ ನಿಲ್ಲಿಸಿತು, 1991ರಲ್ಲಿ ಆಫ್ರಿಕಾದ ದಂತಕ್ಕೂ ಅದೇ ಆಯಿತು. ಆಗಬೇಕಾದದ್ದೇ ಆಯಿತು. ಕುಶಲಕರ್ಮಿಗಳು ಮರದ ಬಣ್ಣಗಳಲ್ಲೇ ದಾರಿ ಕಂಡುಕೊಂಡರು. ಈಗ ಬೀಟೆಯೂ ದುಬಾರಿ, ಅಪರೂಪ. ಮೈಸೂರು ಇನ್‌ಲೇಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಆದರೆ ಒಂದು ಗರಿಯ ಅಂಚು ಕೊಯ್ಯುವ ಕೈಗೆ ಸಿಗುವ ಕೂಲಿ ಆ ಕೈಯ ಜಾಣ್ಮೆಗೆ ತಕ್ಕಷ್ಟಿಲ್ಲ ಎಂದು ಆ ಕೆಲಸವನ್ನು ಸ್ವತಃ ಮಾಡಿ ನೋಡಿದವನಾಗಿ ಹೇಳುತ್ತೇನೆ. ಕೊಳ್ಳುವಾಗ ಚೌಕಾಸಿ ಮಾಡುವ ಮನಸ್ಸೇ ನನಗೀಗ ಬರುವುದಿಲ್ಲ.

ಬಿದ್ದದ್ದಕ್ಕೂ ಉಳಿದದ್ದಕ್ಕೂ ಸಮನಾದ ಮರ್ಯಾದೆ ಕೊಟ್ಟ ಇನ್ನೊಬ್ಬನಿದ್ದ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಪೀಠೋಪಕರಣಕಾರ ಆಂದ್ರೆ ಶಾರ್ಲ್ ಬೂಲ್ (1642–1732) ಹಿತ್ತಾಳೆಯ ಹಾಳೆ ಮತ್ತು ಆಮೆಚಿಪ್ಪಿನ ಹಾಳೆಯನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ಯುತ್ತಿದ್ದ. ಚಿಪ್ಪಿನ ರಂಧ್ರದಲ್ಲಿ ಹಿತ್ತಾಳೆಯ ಬಳ್ಳಿ ಕೂತರೆ ಒಂದು ಮೇಜು. ಹಿತ್ತಾಳೆಯ ರಂಧ್ರದಲ್ಲಿ ಚಿಪ್ಪಿನ ಬಳ್ಳಿ ಕೂತರೆ ಅದರ ಜೋಡಿ. ಒಂದೇ ಕೊಯ್ತದಿಂದ ಎರಡು ಚಿತ್ರ, ಎಸೆಯಲು ಏನೂ ಇಲ್ಲ. ಇದನ್ನು ತಿಳಿದ ಮೇಲೆ ಬಾಲ್ಕನಿಯ ನೆಲ ಗುಡಿಸುವ ಮೊದಲು ಚೂರುಗಳನ್ನು ಒಂದು ಸಲ ಆರಿಸಿ ನೋಡುವುದು ಅಭ್ಯಾಸವಾಗಿದೆ.

ಈಗ ಮೇಜಿನ ಮೇಲಿರುವುದು ಅಂಥದೇ ಒಂದು ‘ವಿಠಲ’. ಅಕ್ಷರಗಳು ಹಳೆಯ ಬಾಗಿಲವಾಡದ ತೇಗದವು, ಹಿಂದೆ ತೆಳ್ಳನೆಯ ಬೀಟೆಯ ಹಲಗೆ. ಠಕಾರದ ಚುಕ್ಕಿ ಮಾತ್ರ ಹಲಸಿನದು. ಅದನ್ನು ಮೈಸೂರಿನವರಂತೆ ಬೀಟೆಯೊಳಗೆ ತೋಡಿ ಕೂರಿಸಬೇಕು, ಬರಿದೆ ಅಂಟಿಸಿದರೆ ಸಾಲದು. ಅಷ್ಟು ಚಿಕ್ಕ ಚೂರಿನಲ್ಲೂ ಎಳೆ ಹಲಗೆಯ ಎಳೆಯ ದಿಕ್ಕಿಗೇ ಇರಬೇಕು. ಅಡ್ಡ ಇಟ್ಟರೆ ನವೆಂಬರಿನ ಗಾಳಿಗೆ ಎರಡೂ ಬೇರೆ ಬೇರೆ ಕಡೆಗೆ ಹಿಗ್ಗಿ ಅಂಟು ಬಿಡುತ್ತದೆ. ದುಂಡಗೆ ಬಿದ್ದ ಮೇಲೆ ಎಳೆ ಯಾವ ಕಡೆಗಿತ್ತೆಂದು ಕಣ್ಣಿಗೆ ಬೇಗ ಹೊಳೆಯದು. ಅದಕ್ಕೇ ಬ್ಲೇಡಿಗೆ ಕೊಡುವ ಮೊದಲು ಹಲಸಿನ ಹಾಳೆಯ ಮೇಲೆ, ಚುಕ್ಕಿ ಬರುವ ಜಾಗದಲ್ಲಿ, ಪೆನ್ಸಿಲಿನಿಂದ ಸಣ್ಣ ಬಾಣದ ಗುರುತು ಹಾಕಿಕೊಳ್ಳುತ್ತೇನೆ.